ನೆರಳು ಕೇಳಿದ್ದು ನಾವೇ

ನಮ್ಮ ಓಣಿಯಲ್ಲಿ ಗಡಿಯಾರಕ್ಕಿಂತ ಗಾಳಿಗೆ ಹೆಚ್ಚು ಮರ್ಯಾದೆ. ಬೇಸಿಗೆಯ ಬೆಳಗ್ಗೆ ಅದು ಮೂಡು ದಿಕ್ಕಿನ ಪಡೀಲಿನ ಕಡೆಯಿಂದ ಬರುತ್ತದೆ. ಸಣ್ಣ ಗಾಳಿ, ಇದ್ದೂ ಇಲ್ಲದ ಹಾಗೆ. ಗಂಜಿ ಬೆಂದು, ಚಟ್ನಿ ಅರೆದು, ನಾನು ಎರಡನೇ ಸಲ ಚಾ ಕುಡಿಯುವ ಹೊತ್ತಿಗೆ ಅದು ಪೂರ್ತಿ ನಿಂತುಬಿಡುತ್ತದೆ. ಒಂದು ಎಲೆ ಅಲುಗುವುದಿಲ್ಲ. ಆಮೇಲೆ ಕಡಲ ಕಡೆಯಿಂದ ಮೊದಲ ಬೀಸು ಬಂದು ಅಡುಗೆಮನೆಯ ಕ್ಯಾಲೆಂಡರನ್ನು ಗೋಡೆಗೆ ಬಡಿಯುತ್ತದೆ. ಆಗ ಮನೆಯ ಹಿಂದಿನ ಪ್ಲಾಟ್‌ಫಾರ್ಮಿನಿಂದ ಒಂದು ಕೂಗು:

“ಗಾಳಿ ತಿರ್ಗ್‌ಂಡ್!”

ಗಾಳಿ ತಿರುಗಿತು ಎಂದು. ಆ ಕೂಗು ಕೇಳಿದರೆ ಒಲೆಯ ಮೇಲೆ ಹಾಲಿದ್ದರೂ ಆರಿಸಿ ಓಡಬೇಕು.

ಈ ಓಟ ಯಾಕೆಂದು ಹೇಳಬೇಕಾದರೆ ಪ್ಲಾಟ್‌ಫಾರ್ಮಿನಿಂದಲೇ ಶುರು ಮಾಡಬೇಕು. ನಮ್ಮ ಮನೆಗಳ ಹಿಂದೆ, ಒಂದು ಕಾಲದಲ್ಲಿ ಬಂದರಿನ ಕಡೆಗೆ ಸಾಮಾನು ಸಾಗಿಸುತ್ತಿದ್ದ ರೈಲುಹಳಿ ಉಂಟು. ನಾನು ಮದುವೆಯಾಗಿ ಬರುವಾಗಲೇ ಅದರ ಮೇಲೆ ರೈಲು ಓಡುವುದು ನಿಂತುಹೋಗಿತ್ತು. ಹಳಿಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಬಳ್ಳಿ, ಬಳ್ಳಿಯ ಒಳಗೆ ಏನೇನೋ. ಗೂಡ್ಸ್ ಶೆಡ್ಡಿನ ಎದುರಿನ ಪ್ಲಾಟ್‌ಫಾರ್ಮ್ ಮಾತ್ರ ಕಲ್ಲಿನಂತೆ ಉಳಿದಿತ್ತು. ಒಂದು ತುದಿ ಕಡಲಿಗೆ, ಇನ್ನೊಂದು ತುದಿ ಪಡೀಲಿಗೆ. ಉದ್ದಕ್ಕೆ ಸಿಮೆಂಟು, ಮೇಲೆ ಆಕಾಶ ಬಿಟ್ಟರೆ ಬೇರೇನಿಲ್ಲ. ನಮ್ಮ ಓಣಿಯ ಮನೆಗಳಿಗೋ ಅಂಗಳವೇ ಇಲ್ಲ. ಒಂದು ಬಾವಿ, ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ಸ್ಕೂಟರು, ಅಲ್ಲಿಗೆ ಜಾಗ ಮುಗಿಯಿತು. ಹಾಗಾಗಿ ಒಣಗಬೇಕಾದದ್ದೆಲ್ಲ ಪ್ಲಾಟ್‌ಫಾರ್ಮಿಗೆ ಹೋಗುತ್ತಿತ್ತು. ಮೆಣಸು, ಹುಳಿ, ಹಾಸಿಗೆ, ಮಕ್ಕಳ ಶಾಲೆಯ ಶೂ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅತ್ತೆಯ ಹಲಸಿನ ಹಪ್ಪಳ ಮತ್ತು ಮೀನಿನಕ್ಕನ ಮೀನು.

ಮೀನಿನಕ್ಕ ನಮ್ಮಿಂದ ಮೂರನೇ ಮನೆಯವರು. ತಲೆತಲಾಂತರದಿಂದ ಕಡಲಿಗೆ ಹೋದ ಕುಟುಂಬ. ಗಂಡ ಬೋಟಿಗೆ ಹೋಗುತ್ತಿದ್ದವರು, ಈಗ ಸೊಂಟ ಹಿಡಿದು ಮನೆಯಲ್ಲೇ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರಿ ಹಸಿಮೀನು ಕಾಣದಾದಾಗ ಅಕ್ಕ ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಒಣಮೀನಿನ ಬುಟ್ಟಿ ಇಟ್ಟು ಕೂರುತ್ತಾರೆ. ಅಂದರೆ ಆ ಮನೆಯ ಮಳೆಗಾಲದ ಅನ್ನ ಬೇಸಿಗೆಯಲ್ಲಿ ಈ ಪ್ಲಾಟ್‌ಫಾರ್ಮಿನ ಮೇಲೆ ಒಣಗುತ್ತದೆ. ನಮ್ಮ ಹಪ್ಪಳ ಬಾಯಿಚಪಲ. ಅವರ ಮೀನು ಹಾಗಲ್ಲ.

ಮೀನು ತಿನ್ನುವವರೇ ನಾವು. ಆದರೆ ಅತ್ತೆಗೆ ಸೋಮವಾರ ಮೀನಿಲ್ಲ, ಶನಿವಾರ ಇಲ್ಲ, ಸಂಕ್ರಾಂತಿಗೆ ಇಲ್ಲ. ಆ ದಿನಗಳ ಊಟಕ್ಕೆ ಹಪ್ಪಳವೇ ಆಧಾರ. ನಾನು ಬಂದ ಹೊಸತರಲ್ಲಿ ಒಂದು ಸೋಮವಾರ ಮಾವ ಹಪ್ಪಳ ಕಚ್ಚಿ, “ಇವತ್ತಿನ ನಂಗ್ ಭಾರೀ ಗರಿಗರಿ ಉಂಟು” ಎಂದುಬಿಟ್ಟರು. ನಂಗ್ ಎಂದರೆ ಒಣಮೀನು; ಹಪ್ಪಳಕ್ಕೆ ಅದರ ವಾಸನೆ ಹತ್ತಿತ್ತು. ಅತ್ತೆ ತಟ್ಟೆ ಬಿಟ್ಟು ಎದ್ದವರು ನೇರ ಪ್ಲಾಟ್‌ಫಾರ್ಮಿಗೆ ಹೋಗಿ, ಮೀನಿನಕ್ಕನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತರು. ಜಗಳ ಸಂಜೆಯವರೆಗೆ ನಡೆಯಿತು. ಕೊನೆಗೆ ಇಬ್ಬರಿಗೂ ಬಾಯಾರಿ, ಒಂದೇ ಚೊಂಬಿನ ನೀರು ಕುಡಿದು ಒಪ್ಪಂದ ಮಾಡಿಕೊಂಡರು. ಗಾಳಿ ಬರುವ ಬದಿಗೆ ಹಪ್ಪಳ, ಗಾಳಿ ಹೋಗುವ ಬದಿಗೆ ಮೀನು. ಗಾಳಿ ತಿರುಗಿದ ಕೂಡಲೇ ಅದಲುಬದಲು. ಇಷ್ಟೇ ಕಾನೂನು. ಅವತ್ತಿನಿಂದ ದಿನಾ ಹೊತ್ತೇರುವಾಗ ನಾವು ಹಪ್ಪಳದವರು ಚಾಪೆ ಎತ್ತಿ ಕಡಲಿನ ಕಡೆಗೆ ಓಡುವುದು, ಮೀನಿನವರು ಪಡೀಲಿನ ಕಡೆಗೆ ಓಡುವುದು, ನಡುವೆ ಎದುರಾದಾಗ “ಬದಿ ಬದಿ!” ಎಂದು ಕೂಗುವುದು, ಯಾರಾದರೊಬ್ಬರು ಸೀರೆ ಮೆಟ್ಟಿ ಬೀಳುವುದು. ನೋಡಿದವರು ಈ ಹೆಂಗಸರಿಗೆ ಮರ್ಲು ಹಿಡಿದಿದೆ ಎಂದುಕೊಂಡರೂ ತಪ್ಪಿಲ್ಲ.

ಆ ಹಾಳುಬಿದ್ದ ಹಳಿಯನ್ನು ಪಾರ್ಕ್ ಮಾಡುತ್ತಾರಂತೆ ಎಂದು ಸುದ್ದಿ ಬಂದದ್ದು ಒಂದು ಮಳೆಗಾಲದ ಕೊನೆಗೆ. ನಾವು ನಂಬಲಿಲ್ಲ. ಆಮೇಲೆ ಜೆಸಿಬಿಯೇ ಬಂತು. ಇಡೀ ಓಣಿ ತಾರಸಿ ಹತ್ತಿತು. ಪೊದೆಯ ಒಳಗಿನಿಂದ ಬಂದ ವಸ್ತುಗಳನ್ನು ನೋಡಬೇಕಿತ್ತು! ತಲೆಮಾರುಗಟ್ಟಲೆ ಕ್ರಿಕೆಟ್ ಚೆಂಡು. ಜೋಡಿ ಇಲ್ಲದ ಚಪ್ಪಲಿಗಳು. ಅತ್ತೆ ಹಿಂದೆ ಯಾರೋ ಕದ್ದರೆಂದು ಓಣಿಯವರಿಗೆಲ್ಲ ಶಾಪ ಹಾಕಿದ್ದ ಹಿತ್ತಾಳೆ ಚೊಂಬು. (“ಕದ್ದವರೇ ಎಸೆದದ್ದು” ಎಂದು ಅತ್ತೆ ಈಗಲೂ ವಾದಿಸುತ್ತಾರೆ.) ಒಂದು ಹೆಬ್ಬಾವು ಕೂಡ ಹೊರಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಅವಸರವಿಲ್ಲದೆ ಚರಂಡಿಯ ದಾರಿ ಹಿಡಿಯಿತು. ಕೊನೆಗೆ ತುಕ್ಕು ಹಿಡಿದ ನಾಲ್ಕು ಸಣ್ಣ ಚಕ್ರಗಳು ಸಿಕ್ಕಿದವು. ಕೆಲಸದವರು ಅವನ್ನು ಬದಿಗೆ ಹಾಕುವಾಗ ಮೀನಿನಕ್ಕ ತಾರಸಿಯಿಂದಲೇ ಕುಣಿದರು.

“ಅದು ಟ್ರಾಲಿಯದ್ದು ಮಾರಾಯ್ತಿ! ನಾನು ಸಣ್ಣವಳಿರುವಾಗ ರೈಲಿನ ಸಾಹೇಬರು ಹಳಿ ನೋಡ್ಲಿಕ್ಕೆ ಅದರಲ್ಲೇ ಬರ್ತಿದ್ದದ್ದು. ಒಂದು ಬೆಂಚು, ಮೇಲೆ ಇಷ್ಟು ದೊಡ್ಡ ಕೊಡೆ. ಹಿಂದಿನಿಂದ ಜನ ದೂಡಿಕೊಂಡು ಹಳಿ ಮೇಲೆಯೇ ಓಡುವುದು. ಸಾಹೇಬರು ನೆರಳಲ್ಲಿ ಕೂತು ದೇವರ ಹಾಗೆ ಬರುವುದು!”

“ನಿಮಗೆ ಕೂರ್ಲಿಕ್ಕೆ ಕೊಟ್ಟಿದ್ದಾರಾ?” ಎಂದು ನಾನು ಕೇಳಿದೆ.

“ಎಲ್ಲಿಂದ! ಹತ್ತಿರ ಹೋದ್ರೆ ಓಡಿಸ್ತಿದ್ರು.”

ಕಾಡು ಕಡಿದ ಮೇಲೆ ಶೆಡ್ಡಿನೊಳಗೆ ಓಣಿಯವರ ಮೀಟಿಂಗ್ ಕರೆದರು. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಅಂಟಿಸಿದ ದೊಡ್ಡ ನಕ್ಷೆ, ಪಕ್ಕದಲ್ಲಿ ಒಬ್ಬಳು ಎಂಜಿನಿಯರ್ ಹುಡುಗಿ. ನಮ್ಮ ಮಗಳ ಪ್ರಾಯ, ತಲೆಗೆ ಟೊಪ್ಪಿ, ಕೈಯಲ್ಲಿ ಹಸಿರು ಪೆನ್ನು. ಹಳಿಯ ಪಕ್ಕದಲ್ಲಿ ನಡೆಯುವ ದಾರಿ, ಶೆಡ್ಡಿನಲ್ಲಿ ಮಕ್ಕಳಿಗೆ ಆಟ, ಪ್ಲಾಟ್‌ಫಾರ್ಮ್ ಎಲ್ಲರೂ ಕೂರುವ ಜಾಗ, ಅದರ ಎದುರಿನ ಹಳಿಯನ್ನು ನೆನಪಿಗಾಗಿ ಹಾಗೇ ಬಿಡುವುದು ಎಂದು ಚಂದವಾಗಿ ವಿವರಿಸಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

“ಈಗ ನೀವು ಹೇಳಿ ಆಂಟಿ. ನಿಮಗೆ ಇಲ್ಲಿ ಎಂತ ಬೇಕು?”

ನಮಗೆ ಎಂತ ಬೇಕು ಎಂದು ಅಷ್ಟರವರೆಗೆ ಯಾರೂ ಕೇಳಿದ್ದಿಲ್ಲ. ತಲೆ ತಿರುಗಿದಂತಾಯಿತು. ಮೊದಲು ಎದ್ದವರು ನಮ್ಮವರೇ, ನನ್ನ ಗಂಡ. ಗಲ್ಫಿನಲ್ಲಿ ಬಹುಕಾಲ ದುಡಿದು ಬಂದವರು. ಎಲ್ಲದಕ್ಕೂ ಅಲ್ಲಿಯದೊಂದು ಉದಾಹರಣೆ ಇರುತ್ತದೆ.

“ಒಂದು ಕಾರಂಜಿ ಬೇಕು. ದುಬೈಯಲ್ಲಿ ಆದ್ರೆ—”

“ನೀನು ಕೂತ್ಕೊ,” ಎಂದರು ಅತ್ತೆ. “ಮೊದಲು ಮನೆಯ ನಳ್ಳಿಯಲ್ಲಿ ಸರಿಯಾಗಿ ನೀರು ಬರ್ಲಿ.”

ಎಲ್ಲರ ನಗು ನಿಲ್ಲುವ ಮೊದಲೇ ಮೀನಿನಕ್ಕ ಎದ್ದು ನಿಂತರು. “ನೆರಳು! ನಮಗೆ ನೆರಳು ಬೇಕು ಮಗಾ. ಬಿಸಿಲಲ್ಲಿ ಕೂತು ಕಾಗೆ ಓಡಿಸಿ ಓಡಿಸಿ ನಾನೇ ಅರ್ಧ ಒಣಮೀನು ಆಗಿದ್ದೇನೆ. ಆ ತುದಿಯಿಂದ ಈ ತುದಿವರೆಗೆ ಪ್ಲಾಟ್‌ಫಾರ್ಮಿಗೆ ನೆರಳು ಮಾಡಿಕೊಡಿ!”

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದೆವು. ಅತ್ತೆ ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಹುಡುಗಿ ಹಸಿರು ಪೆನ್ನಿನಿಂದ ಇಡೀ ಪ್ಲಾಟ್‌ಫಾರ್ಮಿಗೆ ಬಣ್ಣ ತುಂಬಿದಳು. ಆ ಸಂಭ್ರಮದಲ್ಲಿ ಅತ್ತೆ, ಮೀನಿನಕ್ಕ, ನಾನು ಮೂವರೂ ಸಿಟಿ ಬಸ್ಸು ಹತ್ತಿ ಹಂಪನಕಟ್ಟೆಗೆ ಹೋಗಿ ಗಡ್‌ಬಡ್ ಐಸ್‌ಕ್ರೀಂ ತಿಂದು ಬಂದೆವು. ಉದ್ದ ಚಮಚ ಕೆಳಗಿನ ಜೆಲ್ಲಿಗೆ ತಲುಪುವವರೆಗೂ ನೆರಳಿನದ್ದೇ ಮಾತು. ಹೊಂಗೆ ಒಳ್ಳೆಯದಾ, ಬಾದಾಮಿ ಒಳ್ಳೆಯದಾ? ಮರ ಬೆಳೆಯುವವರೆಗೆ ಏನು? ಶೀಟ್ ಹಾಕ್ತಾರಂತೆ. ಹಾಕ್ಲಿ, ಹಾಕ್ಲಿ!

ಹಾಕಿದರು. ಶಿವರಾತ್ರಿಯ ಹೊತ್ತಿಗೆ ಕಬ್ಬಿಣದ ಕಂಬ ಬಂತು. ಮೀನಿನಕ್ಕನೇ ನಿಂತು ಗುಂಡಿ ತೋಡಿಸಿದರು. “ಇಲ್ಲಿ, ನಾನು ಕೂರುವಲ್ಲಿ. ಸ್ವಲ್ಪ ಈಚೆ. ಹಾಂ.” ಕೆಲಸದವರಿಗೆ ಹೊತ್ತುಹೊತ್ತಿಗೆ ಚಾ, ಗೋಳಿಬಜೆ. ಕಂಬದ ಮೇಲೆ ಹಸಿರು ಶೀಟ್ ಏರಿದ ದಿನ ಅವರು ಅದರ ಕೆಳಗೆ ಕಾಲು ಚಾಚಿ ಕೂತು, “ಈಗ ನಾನು ಸಾಹೇಬರು” ಎಂದರು.

ಮಾರನೇ ದಿನ ಬಂಗುಡೆ ತಂದು ಉಪ್ಪು ಹಾಕಿ ಚಾಪೆಯ ಮೇಲೆ ಹರಡಿದರು.

ನಾನು ತಾರಸಿಯಲ್ಲಿ ಬಟ್ಟೆ ಹಾಕುತ್ತಿದ್ದೆ. ಅಕ್ಕ ಚಾಪೆಯನ್ನು ಸ್ವಲ್ಪ ಎಳೆದರು. ನೆರಳು ಇತ್ತು. ಇನ್ನೂ ಎಳೆದರು. ಅಲ್ಲಿಯೂ ನೆರಳು. ಈ ಕಡೆ ಎಳೆದರು, ಆ ಕಡೆ ಎಳೆದರು. ಕೊನೆಗೆ ಪ್ಲಾಟ್‌ಫಾರ್ಮಿನ ಅಂಚಿಗೆ, ಇನ್ನೊಂದು ಹೆಜ್ಜೆ ಇಟ್ಟರೆ ಹಳಿಗೆ ಬೀಳುವಲ್ಲಿಗೆ ಬಂದು, ಒಂದು ಪಟ್ಟಿ ಬಿಸಿಲಿನಲ್ಲಿ ಚಾಪೆ ಹಿಡಿದುಕೊಂಡು ನಿಂತರು. ತಲೆಯೆತ್ತಿ ಶೀಟ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಮಾರಾಯ್ತಿ,” ಎಂದರು, “ಇದನ್ನು ಕೇಳಿದ್ದು ನಾನೇ ಅಲ್ವಾ?”

ನನಗೆ ನಗು ಬಂತು. ಅವರಿಗೂ ಬಂತು. ಕೈಯಲ್ಲಿದ್ದ ಒದ್ದೆ ಲುಂಗಿ ಜಾರಿ ಕೆಳಗೆ ಬಿತ್ತು. ಇಷ್ಟು ಕಾಲ ಬಿಸಿಲನ್ನೇ ನಂಬಿ ಬದುಕಿದವರು, ಒಬ್ಬಳು ಹುಡುಗಿ ಪ್ರೀತಿಯಿಂದ ಕೇಳಿದಳೆಂದು ಬಿಸಿಲಿಗೇ ಮಾಡು ಹಾಕಿಸಿಕೊಂಡಿದ್ದೆವು! ನಕ್ಕು ನಕ್ಕು ಸಾಕಾದ ಮೇಲೆ ಅಕ್ಕ ಅಂಚಿನಲ್ಲೇ ಕುಕ್ಕುರು ಕೂತರು. ಆ ಪಟ್ಟಿ ಬಿಸಿಲಿಗೆ ಬುಟ್ಟಿಯ ಕಾಲು ಭಾಗದ ಮೀನೂ ಹಿಡಿಯುತ್ತಿರಲಿಲ್ಲ. ಉಳಿದದ್ದು ಸಂಜೆಗೆ ಮೆತ್ತಗಾಗಿ, ನೊಣ ಮುತ್ತಿ, ಗೊಬ್ಬರಕ್ಕೆ ಹೋಯಿತು.

“ಹೋಗಿ ಹೇಳುವ,” ಎಂದೆ.

“ಎಂತ ಹೇಳುವುದು? ಕೇಳಿ ತೆಗೆದುಕೊಂಡದ್ದನ್ನು ಬೇಡ ಅಂತ ಹೇಳ್ಲಿಕ್ಕುಂಟಾ? ಆ ಹುಡುಗಿಗೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ!”

ಅತ್ತೆಯೂ ಅವರ ಪಕ್ಷವೇ. “ಮದುವೆಗೆ ಕೊಟ್ಟ ಸೀರೆಯನ್ನು ಬಣ್ಣ ಸರಿ ಇಲ್ಲ ಅಂತ ಹಿಂದೆ ಕೊಡುವುದುಂಟಾ? ಸಮಯ ನೋಡಿ, ಮೆಲ್ಲಗೆ, ತಿಂಡಿ ಕೊಟ್ಟು ಹೇಳ್ಬೇಕು.”

ಹಾಗೆ ಒಂದು ದಿನ ಬೆಳಗ್ಗೆ ಎಂಜಿನಿಯರ್ ಹುಡುಗಿಯನ್ನು ಮನೆಗೆ ಕರೆದೆವು. ನೀರುದೋಸೆ, ಕಾಯಿಬೆಲ್ಲ, ಆ ವರ್ಷದ ಮೊದಲ ಹಪ್ಪಳ. ಮೀನಿನಕ್ಕ ಮಲ್ಲಿಗೆ ಮುಡಿದು ಬಂದಿದ್ದರು. ಹುಡುಗಿ ಒಂದೊಂದು ದೋಸೆ ತಿನ್ನುವಾಗಲೂ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡುವುದು. ನಾನು ಅಕ್ಕನ ಕಾಲು ತುಳಿದೆ. ಅಕ್ಕ ಅತ್ತೆಯ ಬೆನ್ನು ತಿವಿದರು. ಅತ್ತೆ ಗಂಟಲು ಸರಿಮಾಡಿಕೊಂಡು, “ನಿಮ್ಮ ಮನೆ ಎಲ್ಲಿಯಾಯ್ತು?” ಎಂದು ಎರಡನೇ ಸಲ ಕೇಳಿದರು.

“ಶೀಟ್ ಹೇಗುಂಟು ಆಂಟಿ? ನೆರಳು ಸಾಕಾಗ್ತದಾ?” ಎಂದು ಹುಡುಗಿಯೇ ಕೇಳಿದಳು.

“ಭಾರೀ ಒಳ್ಳೆದುಂಟು!” ಎಂದರು ಮೀನಿನಕ್ಕ. ಅಷ್ಟು ಸಮಯದಿಂದ ಹೇಳಬೇಕೆಂದು ಕೂತವರು!

“ಇನ್ನು ಸ್ವಲ್ಪ ಉದ್ದ ಮಾಡ್ಬೇಕಾ?”

ನಮ್ಮವರು ಪೇಪರಿನ ಹಿಂದೆ ಕೆಮ್ಮಿದರು. ಅಷ್ಟರಲ್ಲಿ ಕ್ಯಾಲೆಂಡರ್ ಗೋಡೆಗೆ ಬಡಿಯಿತು. ಹೊರಗೆ ಯಾರೋ ಕೂಗಿದರು: “ಗಾಳಿ ತಿರ್ಗ್‌ಂಡ್!”

ನಾನು ದೋಸೆಯ ಸಟ್ಟುಗ ಬಿಟ್ಟು ಓಡಿದೆ. ಮೀನಿನಕ್ಕ ನನಗಿಂತ ಮುಂದೆ. ಹಿಂದೆ ತಿರುಗಿ ನೋಡಿದರೆ ಅತ್ತೆ ಕೂಡ ಊರುಗೋಲು ಹಿಡಿದು ಬಾಗಿಲಿನವರೆಗೆ ಬಂದು, “ಹಪ್ಪಳ! ಹಪ್ಪಳ!” ಎಂದು ಕೂಗುತ್ತಿದ್ದರು. ಅತಿಥಿಯನ್ನು ದೋಸೆಯ ಜೊತೆ ಒಬ್ಬಳನ್ನೇ ಬಿಟ್ಟದ್ದು ಯಾರಿಗೂ ನೆನಪಿಲ್ಲ.

ಮೊದಲು ಅಗಲವಾದ ಪ್ಲಾಟ್‌ಫಾರ್ಮಿನಲ್ಲಿ ಆಗುತ್ತಿದ್ದ ಅದಲುಬದಲು ಈಗ ಅಂಚಿನ ಆ ಒಂದು ಪಟ್ಟಿ ಬಿಸಿಲಿನ ಮೇಲೆ ಆಗಬೇಕಿತ್ತು. ಮೀನಿನ ಚಾಪೆ ಈ ಕಡೆಯಿಂದ, ಹಪ್ಪಳದ ಚಾಪೆ ಆ ಕಡೆಯಿಂದ. “ಬದಿ!” “ಎಲ್ಲಿದೆ ಬದಿ?” “ನೀವು ಹಿಂದೆ ಹೋಗಿ!” “ಹಿಂದೆ ಹೋದ್ರೆ ಹಳಿಗೆ ಬೀಳ್ತೇನೆ!” ಎದುರುಬದುರಾಗಿ ಸಿಕ್ಕಿಬಿದ್ದೆವು. ನನ್ನ ಕೈ ಜಾರಿತು. ಹಪ್ಪಳಗಳು ಒಂದರ ಹಿಂದೆ ಒಂದು ಗಾಳಿಗೆ ಹಾರಿ ಹಳಿಯ ಮೇಲೆ ಉರುಳಿದವು. ಒಂದು ಬಂಗುಡೆ ಅತ್ತೆಯ ಹಪ್ಪಳದ ನಟ್ಟನಡುವೆ ಬಂದು ಮಲಗಿತು. ಅವತ್ತು ಸೋಮವಾರ ಬೇರೆ!

ಹುಡುಗಿ ಕೈಯಲ್ಲಿ ದೋಸೆಯ ತುಂಡು ಹಿಡಿದೇ ಓಡಿಬಂದಿದ್ದಳು. ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಅವಳ ಕಣ್ಣು ಅಂಚಿನ ಬಿಸಿಲಿನಿಂದ ಖಾಲಿ ಬಿದ್ದ ನೆರಳಿಗೆ, ನೆರಳಿನಿಂದ ಶೀಟಿಗೆ ಹೋಯಿತು. ನಗು ನಿಂತಿತು.

“ಆಂಟಿ, ನೀವು ಇಲ್ಲಿ ಮೀನು ಒಣಗಿಸುವುದಾ? ಮೊದಲೇ ಹೇಳ್ಬಾರ್ದಾ?”

ಮೀನಿನಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ನೀವು ಕೇಳಿದ್ದು ಎಂತ ಬೇಕು ಅಂತ ಮಗಾ. ಎಂತ ಉಂಟು ಅಂತ ಕೇಳ್ಲಿಲ್ಲ. ಬಿಸಿಲು ಹೇಗೂ ಉಂಟಲ್ಲ ಅಂತ ನಾವೂ ಮರೆತೆವು.”

ಅಷ್ಟರಲ್ಲಿ ಕಾಗೆಗಳು ಹಪ್ಪಳದ ವಿಚಾರಣೆಗೆ ಇಳಿದವು.

“ಹಾಗಾದ್ರೆ ನೆರಳು ಬೇಡ, ಅಲ್ವಾ?”

“ಬೇಕು!” ಅಕ್ಕ ನಗುತ್ತಲೇ ಹೇಳಿದರು. “ಮೀನಿಗೆ ಬೇಡ. ನನಗೆ ಬೇಕು. ಬಿಸಿಲಿಲ್ಲದಿದ್ದರೆ ಮಳೆಗಾಲಕ್ಕೆ ನಾವು ಎಂತ ಉಣ್ಣುವುದು? ಆದರೆ ನನ್ನ ತಲೆಯೂ ಸುಟ್ಟುಹೋಗಿದೆ. ಆ ಕಾಲದ ಸಾಹೇಬರಿಗೆ ಇದ್ದದ್ದು ನೋಡಿ, ಅದು ಸರಿಯಾದ ನೆರಳು. ಅವರು ಹೋದಲ್ಲಿಗೆ ಹೋಗ್ತಿತ್ತು, ಬಾಕಿಯವರ ಬಿಸಿಲು ತಿನ್ನುತ್ತಿರಲಿಲ್ಲ.”

“ಯಾವ ಸಾಹೇಬರು?”

ಅಕ್ಕ ಟ್ರಾಲಿಯ ಕಥೆ ಹೇಳಿದರು. ಪೊದೆಯಲ್ಲಿ ಸಿಕ್ಕಿದ ಚಕ್ರ, ಬೆಂಚು, ಕೊಡೆ, ಓಡುವ ಜನ. ಹೇಳುತ್ತಾ ಹೇಳುತ್ತಾ ಸಾಹೇಬರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು ತೋರಿಸಿದರು. ಹುಡುಗಿ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ನೆನಪಿಗಾಗಿ ಬಿಟ್ಟ ಹಳಿಯನ್ನು ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೈಯಲ್ಲಿದ್ದ ದೋಸೆಯನ್ನು ಬಾಯಿಗೆ ಹಾಕಿಕೊಂಡು, “ಆ ಚಕ್ರ ಎಲ್ಲಿಟ್ಟಿದ್ದಾರೆ?” ಎಂದು ಕೇಳಿದಳು.

ಆಮೇಲಿನ ದಿನಗಳು ನಮಗೆ ಹುಚ್ಚಿನ ದಿನಗಳೇ. ಶೀಟುಗಳು ಇಳಿದು ಹಳಿಯ ಆಚೆ, ನಡೆಯುವ ದಾರಿಯ ಬೆಂಚುಗಳ ಮೇಲೆ ಹೋಗಿ ಕೂತವು. ಹೊಂಗೆ ಗಿಡಗಳೂ ಅಲ್ಲಿಗೇ. ಶೆಡ್ಡಿನಲ್ಲಿ ವೆಲ್ಡಿಂಗಿನವರು ಆ ಚಕ್ರಗಳ ಮೇಲೆ ಹೊಸ ಟ್ರಾಲಿ ಕಟ್ಟಲು ಕಿಡಿ ಹಾರಿಸುತ್ತಾ ಕೂತರು. ನಮ್ಮವರು ಬೆಳಗ್ಗೆ ಎದ್ದವರು ಅಲ್ಲಿಯೇ. “ಬ್ರೇಕ್ ಬೇಕು” ಎಂದು ಇವರೇ ಹಟ ಹಿಡಿದು ಹಾಕಿಸಿದ್ದು; ಅದನ್ನು ಈಗಲೂ ಬಂದವರಿಗೆಲ್ಲ ಒತ್ತಿ ತೋರಿಸುತ್ತಾರೆ. ಬೆಂಚಿಗೆ ಹಳಿಯ ಕೆಳಗಿನ ಹಳೇ ಸ್ಲೀಪರಿನ ಮರ, ಮೇಲೆ ಕೊಡೆಯ ಹಾಗೆ ದುಂಡಗಿನ ಮಾಡು. ಬಣ್ಣ ಯಾವುದು ಎಂದು ಓಣಿಯಲ್ಲಿ ದೊಡ್ಡ ಚರ್ಚೆ. ಕಪ್ಪು ಎಂದರು ಅತ್ತೆ. ಕಪ್ಪು ಕೊಡೆ ಕಂಡರೆ ಕಾಗೆ ಹತ್ತಿರ ಬರುವುದಿಲ್ಲವಂತೆ. ಕಪ್ಪೇ ಆಯಿತು.

ಹೊಸ ವರ್ಷದ ಬಿಸು ಹಬ್ಬ ಕಳೆದು ಪಾರ್ಕ್ ಬಾಗಿಲು ತೆರೆಯಿತು. ಎಲ್ಲಿದ್ದರೋ ಇಷ್ಟು ಜನ! ಹೊಸ ಶೂ ಹಾಕಿದವರು, ಹಿಂದಕ್ಕೆ ಹಿಂದಕ್ಕೆ ನಡೆಯುವವರು, ಕೈ ಬೀಸಿ ನಗುವ ಗುಂಪಿನವರು. ಹಾವಿಗೆ ಹೆದರಿ ನಾವು ಕಣ್ಣು ಹಾಯಿಸದಿದ್ದ ಜಾಗದಲ್ಲಿ ಈಗ ಮಂಡಕ್ಕಿಯ ಖಾರ ಚರುಂಬುರಿ. ನಾನೂ ಮೊದಲ ದಿನ ಈ ತುದಿಯಿಂದ ಆ ತುದಿಗೆ ನಡೆದೆ. ಅಡುಗೆಮನೆಯ ಕಿಟಕಿಯನ್ನು ಹಳಿಯ ಆಚೆಯಿಂದ, ಅಷ್ಟು ದೂರದಿಂದ ನಿಂತು ನೋಡಿದ್ದು ಅದೇ ಮೊದಲು. ಯಾರದೋ ಮನೆಯ ಹಾಗೆ ಕಂಡಿತು, ಚಂದವೂ ಕಂಡಿತು.

ಪ್ಲಾಟ್‌ಫಾರ್ಮಿನ ಮೇಲೆ ಎಂದಿನಂತೆ ಪಡೀಲಿನ ಬದಿಗೆ ಹಪ್ಪಳ, ಕಡಲಿನ ಬದಿಗೆ ಮೀನು. ಮೀನಿನಕ್ಕ ಟ್ರಾಲಿಯಲ್ಲಿ, ಕಪ್ಪು ಮಾಡಿನ ಕೆಳಗೆ, ಕೈಯಲ್ಲಿ ಕಾಗೆ ಓಡಿಸುವ ಕೋಲು. ವಾಕಿಂಗಿಗೆ ಬಂದ ಒಬ್ಬರು ನಿಂತು ಕೇಳಿದರು: “ಇದು ಎಂತ, ಎಕ್ಸಿಬಿಷನ್ನಾ?”

“ಅಲ್ಲ ಸರ್, ಮಳೆಗಾಲ,” ಎಂದರು ಅಕ್ಕ.

ಅತ್ತೆಯನ್ನು ಕೈಹಿಡಿದು ಕರೆತಂದು ಟ್ರಾಲಿಯ ಹತ್ತಿರ ನಿಲ್ಲಿಸಿದೆ. ಬೆಂಚನ್ನು ಮುಟ್ಟಿ ನೋಡಿದರು, ಮಾಡನ್ನು ಊರುಗೋಲಿನಿಂದ ತಟ್ಟಿ ನೋಡಿದರು. “ನಾನು ಕೂತ್ರೆ ಮುರಿಯುವುದಿಲ್ಲ ಅಲ್ಲ?”

“ನಿಮ್ಮ ಮಗನ ಬ್ರೇಕ್ ಉಂಟು ಅಮ್ಮ, ಹತ್ತಿ,” ಎಂದು ಅಕ್ಕ ಬದಿಗೆ ಸರಿದರು.

ಇಬ್ಬರೂ ಕೂತು ಸೆರಗು ಸರಿ ಮಾಡಿಕೊಳ್ಳುವುದಕ್ಕೂ ಎಲೆಗಳು ಅಲುಗಾಡುವುದು ನಿಲ್ಲುವುದಕ್ಕೂ ಸರಿಹೋಯಿತು. ಆಮೇಲೆ ಕಡಲಿನ ಕಡೆಯಿಂದ ಬೀಸು. ಈ ಸಲ ಕೂಗಿದ್ದು ಅತ್ತೆ. ಆ ಪ್ರಾಯದಲ್ಲಿ ಅಷ್ಟು ದೊಡ್ಡ ಧ್ವನಿ ಎಲ್ಲಿತ್ತೋ! ನಾವು ಚಾಪೆಗಳಿಗೆ ಓಡಿದೆವು. ಅಗಲ ಪ್ಲಾಟ್‌ಫಾರ್ಮಿನಲ್ಲಿ ಮೀನು ಆಚೆಯಿಂದ, ಹಪ್ಪಳ ಈಚೆಯಿಂದ, ನಡುವೆ “ಬದಿ ಬದಿ!” ಎಂತದೆಂದು ಗೊತ್ತಿಲ್ಲದ ವಾಕಿಂಗಿನವರೂ ಬಂದು ಚಾಪೆಯ ಮೂಲೆ ಹಿಡಿದು ಓಡಿದರು. ಹೊಸ ಶೂ ಹಾಕಿದವರೊಬ್ಬರು ಮೀನಿನ ಚಾಪೆಯನ್ನು ತಪ್ಪು ಕಡೆಗೆ ಎಳೆದುಕೊಂಡು ಹೋಗಿ ಬೈಸಿಕೊಂಡರು. ಕೆಳಗೆ ಹಳಿಯ ಮೇಲೆ ನಮ್ಮವರು ಮತ್ತು ಎಂಜಿನಿಯರ್ ಹುಡುಗಿ ಟ್ರಾಲಿಯನ್ನು ದೂಡಿಕೊಂಡು ಪಡೀಲಿನ ಬದಿಗೆ ಓಡುತ್ತಿದ್ದರು. ಅದರ ಮೇಲೆ ಅತ್ತೆ ಮತ್ತು ಮೀನಿನಕ್ಕ ಒಬ್ಬರನ್ನೊಬ್ಬರು ಗಟ್ಟಿ ಹಿಡಿದುಕೊಂಡು ಕಿರುಚುತ್ತಿದ್ದರು.

“ಮೆಲ್ಲ! ಮೆಲ್ಲ!”

“ಮೆಲ್ಲ ಯಾಕೆ, ಜೋರು ದೂಡು!” ಇದು ಅತ್ತೆ.

ತುದಿಯಲ್ಲಿ ಬ್ರೇಕ್ ಹಿಡಿಯಿತು. ನಮ್ಮವರು ಹೆಮ್ಮೆಯಿಂದ ಸುತ್ತ ನೋಡಿದರು.

“ಇಳಿಯಿರಿ ಅಮ್ಮ, ಹಪ್ಪಳ ಆ ಬದಿಗೆ ಹೋಯ್ತು. ನಿಮಗೆ ಇಲ್ಲಿ ಎಂತ ಕೆಲಸ?” ಎಂದು ಮೀನಿನಕ್ಕ ಕೆಣಕಿದರು.

“ಹಪ್ಪಳ ನೋಡ್ಲಿಕ್ಕೆ ಸೊಸೆ ಇದ್ದಾಳೆ. ಗಾಳಿ ಇನ್ನೊಮ್ಮೆ ತಿರುಗುವವರೆಗೆ ನಾನು ಇಳಿಯುವುದಿಲ್ಲ.”

ಗಾಳಿ ಇನ್ನು ತಿರುಗುವುದು ರಾತ್ರಿಗೆ ಎಂದು ಇಬ್ಬರಿಗೂ ಗೊತ್ತು. ಅಕ್ಕ ನಗುತ್ತಾ ಇಳಿದು ಬಿಸಿಲಿಗೆ ಹೋದರು. ಚಾಪೆಯ ಪಕ್ಕ ಬಗ್ಗಿ ಒಂದು ಬಂಗುಡೆ ಎತ್ತಿ, ಅದರ ಬಾಲವನ್ನು ಎರಡು ಬೆರಳಿನ ನಡುವೆ ಹಿಡಿದು ಮುರಿದರು. ಟಕ್ ಎಂದಿತು. ಆ ಶಬ್ದ ಬಂದರೆ ಮೀನು ಸರಿಯಾಗಿ ಒಣಗಿದೆ ಎಂದರ್ಥ. ಇನ್ನೊಂದನ್ನೂ ಮುರಿದರು. ಟಕ್. ಬೇಕಾಗಿರಲಿಲ್ಲ, ಆದರೂ ಮೂರನೆಯದನ್ನೂ ಮುರಿದರು. ಆಮೇಲೆ ಬಂದು, “ಸ್ವಲ್ಪ ಸರಿಯಿರಿ ಅಮ್ಮ” ಎಂದು ಅತ್ತೆಯ ಪಕ್ಕ ನೆರಳಿನಲ್ಲಿ ಕೂತರು.